ರಂಧ್ರದಲ್ಲಿ ಹಾಯ್ದು ಹೋಗುವ ಜೀವದ ಅಕ್ಷರಗಳು

ಆಕ್ಸ್‌ಫರ್ಡ್ ಎಂದೊಡನೆ ಊರಿನ ಬಂಧುಗಳ ಕಣ್ಮುಂದೆ ಸುಳಿಯುವುದು ಹಳೆಯ ಕಲ್ಲುಕಟ್ಟಡಗಳು, ಕಪ್ಪು ನಿಲುವಂಗಿಯ ವಿದ್ಯಾರ್ಥಿಗಳು ಮತ್ತು ದಪ್ಪ ನಿಘಂಟು. ಡಿಎನ್‌ಎ ಓದುವ ಯಂತ್ರವನ್ನು ಅಂಗೈಯಲ್ಲಿ ಹಿಡಿಸುವಷ್ಟು ಕಿರಿದಾಗಿಸಿದ ಆಕ್ಸ್‌ಫರ್ಡ್ ನ್ಯಾನೊಪೋರ್ ಸಂಸ್ಥೆಯೂ ಇದೇ ಊರಿನದು. ಇಲ್ಲಿನ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಹೇಗನ್ ಬೇಲಿ ಅವರ ಸಂಶೋಧನೆಯ ಬೆನ್ನಿಗೆ 2005ರಲ್ಲಿ ಅದು ಹುಟ್ಟಿತು.

ಎಲೆಕ್ಟ್ರಾನಿಕ್ಸ್ ಓದಿ ಬಂದ ನಾನು ಈಗ ದುಡಿಯುತ್ತಿರುವುದು ಜೀವವಿಜ್ಞಾನದ ಪ್ರಯೋಗಾಲಯವೊಂದರಲ್ಲಿ. ‘ಅಲ್ಲಿ ನಿನಗೇನೋ ಕೆಲಸ?’ ಎಂದು ಸೋದರಮಾವ ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ.

ವಿದ್ಯುತ್ತು ಹರಿಯಗೊಡದ ಅತಿ ತೆಳುವಾದ ಪೊರೆ. ಅದರಲ್ಲಿ ನೆಟ್ಟ ಒಂದು ಪ್ರೋಟೀನು. ಅದರ ನಡುವೆ ಸುಮಾರು ಒಂದು ನ್ಯಾನೊಮೀಟರ್ ಅಗಲದ ರಂಧ್ರ. ಎರಡೂ ಬದಿಗೆ ಲವಣದ ದ್ರಾವಣ. ವೋಲ್ಟೇಜ್ ಕೊಟ್ಟರೆ ಅಯಾನುಗಳು ರಂಧ್ರದ ಮೂಲಕ ಹರಿಯುತ್ತವೆ. ಡಿಎನ್‌ಎ ಎಳೆ ಒಳನುಗ್ಗಿದಾಗ ಹರಿವಿಗೆ ಅಡ್ಡಿಯಾಗಿ ಪ್ರವಾಹ ತಗ್ಗುತ್ತದೆ. ಎಷ್ಟು ತಗ್ಗುತ್ತದೆ ಎಂಬುದು ಆ ಕ್ಷಣ ರಂಧ್ರದಲ್ಲಿರುವ ಅಕ್ಷರಗಳನ್ನು ಅವಲಂಬಿಸಿದೆ. ತನ್ನಷ್ಟಕ್ಕೆ ಬಿಟ್ಟರೆ ಎಳೆ ಓದಲಾಗದ ವೇಗದಲ್ಲಿ ಜಾರಿಬಿಡುತ್ತದೆ. ಆದ್ದರಿಂದ ಒಂದು ಕಿಣ್ವ ಅದನ್ನು ಹಿಡಿದು, ಸೆಕೆಂಡಿಗೆ ಸುಮಾರು 400 ಅಕ್ಷರಗಳಂತೆ ಬಿಡುತ್ತದೆ.

ನಮ್ಮಂಥವರ ಕೆಲಸ ಆರಂಭವಾಗುವುದು ಇಲ್ಲಿಂದ. ಅಳೆಯಬೇಕಾದ ಪ್ರವಾಹ ಪಿಕೊಆಂಪಿಯರ್‌ಗಳಲ್ಲಿ, ಅಂದರೆ ಆಂಪಿಯರಿನ ಲಕ್ಷ ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿರುತ್ತದೆ. ಉದ್ದನೆಯ ತಂತಿಯಲ್ಲಿ ಸಾಗಿಸಿದರೆ ಗದ್ದಲದಲ್ಲಿ ಮುಳುಗಿಹೋದೀತು. ಹಾಗಾಗಿ ಅದನ್ನು ವರ್ಧಿಸಿ ಅಂಕಿಗಳಾಗಿಸುವ ಚಿಪ್ಪನ್ನು ರಂಧ್ರಗಳ ಪಕ್ಕದಲ್ಲಿಯೇ ಕೂರಿಸುತ್ತಾರೆ. ಮಿನಿಅಯಾನ್ ಎಂಬ ಪುಟ್ಟ ಸಾಧನದಲ್ಲಿ ಇಂಥ 512 ವಾಹಿನಿಗಳು ಏಕಕಾಲಕ್ಕೆ ಓದುತ್ತವೆ. 2015ರಲ್ಲಿ ಸಂಶೋಧಕರು ಅದನ್ನು ವಿಮಾನದ ಸಾಮಾನಿನಲ್ಲಿ ಗಿನಿ ದೇಶಕ್ಕೆ ಒಯ್ದು, ಎಬೊಲಾ ವೈರಾಣುವಿನ ಹರಡುವಿಕೆಯನ್ನು ಅಲ್ಲಿಯೇ ಪತ್ತೆಹಚ್ಚಿದರು. ಮರುವರ್ಷ ಕೇಟ್ ರೂಬಿನ್ಸ್ ಬಾಹ್ಯಾಕಾಶ ನಿಲ್ದಾಣದಲ್ಲಿ ಅದರಿಂದ ಡಿಎನ್‌ಎ ಓದಿದರು.

ಮಾವನಿಗೆ ಬಾಹ್ಯಾಕಾಶದ ಕಥೆ ರುಚಿಸಲಿಲ್ಲ. ಕ್ಷಯದ ಮಾತೆತ್ತಿದಾಗ ಮಾತ್ರ ಸುಮ್ಮನಾದರು. ಅವರ ತಮ್ಮನ ಕಫವನ್ನು ಬೆಳೆಸಿ, ಯಾವ ಔಷಧ ನಾಟುವುದಿಲ್ಲವೆಂದು ತಿಳಿಯುವಷ್ಟರಲ್ಲಿ ವಾರಗಳು ಉರುಳಿದ್ದವು. ಅಷ್ಟೂ ದಿನ ನುಂಗಿದ ಮಾತ್ರೆಗಳು ವ್ಯರ್ಥವಾದವು, ಚಿಕ್ಕಮಾವ ಉಳಿಯಲಿಲ್ಲ. ಔಷಧ ನಿರೋಧಕ ಕ್ಷಯವನ್ನು ರೋಗಾಣುವಿನ ಜೀನ್‌ಗಳನ್ನು ಓದಿಯೇ ಗುರುತಿಸುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ನ್ಯಾನೊಪೋರ್ ಪರೀಕ್ಷೆಯೂ ಅದರಲ್ಲಿ ಸೇರಿದೆ. ವಾರಗಳ ಕಾಯುವಿಕೆ ಕೆಲವು ದಿನಗಳಿಗೆ ಇಳಿಯಬಲ್ಲದು. ಜಗತ್ತಿನಲ್ಲಿಯೇ ಅತಿ ಹೆಚ್ಚು ಕ್ಷಯರೋಗಿಗಳಿರುವ ದೇಶ ನಮ್ಮದೆಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ.

ಹಾಗೆಂದು ‘ಜೇಬಿನಲ್ಲಿ ಪ್ರಯೋಗಾಲಯ’ ಎಂಬ ಪ್ರಚಾರವನ್ನು ಪೂರ್ತಿ ನಂಬಬೇಕಿಲ್ಲ. ಯಂತ್ರ ಹಗುರ, ನಿಜ; ಮಾದರಿಯನ್ನು ಸಿದ್ಧಪಡಿಸಲು ಪಳಗಿದ ಕೈ ಬೇಕು, ರಾಸಾಯನಿಕಗಳಿಗೆ ಶೀತಲ ಪೆಟ್ಟಿಗೆ ಬೇಕು, ಸಂಕೇತಗಳನ್ನು ಅಕ್ಷರಗಳಾಗಿಸಲು ಬಲವಾದ ಕಂಪ್ಯೂಟರ್ ಬೇಕು. ರಂಧ್ರಗಳಿರುವ ಬಿಲ್ಲೆ ಸವೆಯುವ ವಸ್ತು, ಅಗ್ಗವೂ ಅಲ್ಲ. ಆರಂಭದ ವರ್ಷಗಳಲ್ಲಿ ಓದಿನಲ್ಲಿ ತಪ್ಪುಗಳೂ ಹೇರಳವಾಗಿದ್ದವು.

ವಿದೇಶದ ಕನಸು ಕಾಣುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ‘ಜೀವವಿಜ್ಞಾನ ನಮಗಲ್ಲ’ ಎಂದು ಈ ಕ್ಷೇತ್ರವನ್ನು ಬದಿಗಿಡುವುದನ್ನು ಕಂಡಿದ್ದೇನೆ. ಕ್ಷೀಣ ಸಂಕೇತದ ವರ್ಧಕ, ಗದ್ದಲದ ಶೋಧನೆ, ಯಂತ್ರಕಲಿಕೆ ಇವುಗಳಲ್ಲಿ ಒಂದನ್ನಾದರೂ ಕೈಯಾರೆ ಮಾಡಿ ನೋಡಿದವರಿಗೆ ಇಲ್ಲಿ ಕೆಲಸವಿದೆ. ಅರ್ಜಿ ಹಾಕುವ ಮುನ್ನ ಪಿಯುಸಿಯ ಜೀವಶಾಸ್ತ್ರದ ಪುಸ್ತಕವನ್ನು ಒಮ್ಮೆ ತಿರುವಿಹಾಕಿದರೆ ಸಂದರ್ಶನಕ್ಕೂ ನೆರವಾದೀತು.