ಹಳೆಯ ಎಸ್‌ಯುವಿಯ ಶಿಬಿರವಾಹನ ಪರಿವರ್ತನೆ

ಬಳಸಿದ ಹಳೆಯ ಎಸ್‌ಯುವಿ ಅಥವಾ ಜೀಪು ಮಾದರಿಯ ವಾಹನವನ್ನು, ಡಾಂಬರು ರಸ್ತೆಯಿಲ್ಲದ ಕಡೆಗೂ ಹೋಗಿ ರಾತ್ರಿ ತಂಗಿ, ಅಡುಗೆ ಮಾಡಿಕೊಂಡು, ಸುರಕ್ಷಿತವಾಗಿ ಮರಳಿ ಬರಲು ತಕ್ಕಂತೆ ಸಜ್ಜುಗೊಳಿಸುವ ಕೆಲಸವನ್ನು ಶಿಬಿರವಾಹನ ಪರಿವರ್ತನೆ ಎಂದು ಕರೆಯಬಹುದು. ಕಾರ್ಖಾನೆಯಲ್ಲಿಯೇ ತಯಾರಾಗುವ ಕ್ಯಾರವಾನ್‌ಗಳಿಗಿಂತ ಇದು ಭಿನ್ನವಾದುದು. ಇಲ್ಲಿ ವಾಹನದ ಮೂಲ ಚೌಕಟ್ಟು, ಎಂಜಿನ್ ಮತ್ತು ಹೊರಕವಚ ಹಾಗೆಯೇ ಉಳಿಯುತ್ತವೆ. ಮಲಗುವ, ಸಾಮಾನಿಡುವ, ನೀರು ಮತ್ತು ವಿದ್ಯುತ್ತಿನ ವ್ಯವಸ್ಥೆಗಳು ಹೊಸದಾಗಿ ಸೇರುತ್ತವೆ.

ಹಿನ್ನೆಲೆ

ಇಂತಹ ಪ್ರವಾಸಕ್ಕೆ ಬಳಕೆಯಲ್ಲಿರುವ 'ಓವರ್‌ಲ್ಯಾಂಡಿಂಗ್' ಎಂಬ ಪದವು ಆಸ್ಟ್ರೇಲಿಯದ ದನಗಾಹಿಗಳಿಂದ ಬಂದಿದೆ. ಅಲ್ಲಿ ಮಂದೆಗಳನ್ನು ನೂರಾರು ಮೈಲಿ ಒಳನಾಡಿನ ಮೂಲಕ ಹೊಡೆದುಕೊಂಡು ಹೋಗುವುದಕ್ಕೆ ಈ ಹೆಸರಿತ್ತು. 1955-56ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ತಂಡವೊಂದು ಎರಡು ಲ್ಯಾಂಡ್ ರೋವರ್ ವಾಹನಗಳಲ್ಲಿ ಲಂಡನ್ನಿನಿಂದ ಸಿಂಗಪುರಕ್ಕೆ ಪಯಣಿಸಿದ ಮೇಲೆ ಈ ಬಗೆಯ ಸಂಚಾರಕ್ಕೆ ಲೋಕಪ್ರಸಿದ್ಧಿ ದೊರೆಯಿತು.

ವಾಹನದ ಆಯ್ಕೆ

ಭಾರತದಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಆಯ್ಕೆಯಾಗುವುದು ಮಾರುತಿ ಜಿಪ್ಸಿ. 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದ ಈ ವಾಹನವು 1996ರಲ್ಲಿ 1.3 ಲೀಟರ್ ಎಂಜಿನ್ನಿನ 'ಜಿಪ್ಸಿ ಕಿಂಗ್' ಆಯಿತು. ಏಣಿಯಾಕಾರದ ಚಾಸಿ, ಪಟ್ಟೆ ಸ್ಪ್ರಿಂಗುಗಳು, ನಾಲ್ಕು ಚಕ್ರಗಳಿಗೂ ಬಲ ಕೊಡುವ ಟ್ರಾನ್ಸ್‌ಫರ್ ಕೇಸ್, ಕಡಿದಾದ ಏರಿಗೆ ಬೇಕಾದ 'ಲೋ' ಗೇರು: ಇವೆಲ್ಲವೂ ಇದರಲ್ಲಿದ್ದು, ಬಿಡಿಭಾಗಗಳು ಸಣ್ಣ ಊರುಗಳಲ್ಲಿಯೂ ಸಿಗುತ್ತವೆ. ಒಟ್ಟು ಉದ್ದ ಸುಮಾರು ನಾಲ್ಕು ಮೀಟರ್ ಮಾತ್ರವಾದುದರಿಂದ ಒಳಗೆ ಕಾಲುಚಾಚಿ ಮಲಗುವುದು ಕಷ್ಟ. ಚಾವಣಿಯ ಮೇಲಿನ ಗುಡಾರವೇ ಗತಿ. ಟಾಟಾ ಸುಮೋ, ಬೊಲೆರೊ, ಹಳೆಯ ಸ್ಕಾರ್ಪಿಯೊ ಮತ್ತು ಸಫಾರಿಗಳಲ್ಲಿ ಒಳಜಾಗ ಹೆಚ್ಚು. ಆದರೆ ಮಾರಾಟಕ್ಕೆ ಬರುವ ಇಂತಹ ವಾಹನಗಳಲ್ಲಿ ಬಹುಪಾಲು ಹಿಂಚಕ್ರಗಳಿಗಷ್ಟೇ ಬಲವಿರುವಂಥವು. ಕೆರೆಯಂಗಳ, ತೋಟದ ದಾರಿ, ಮಣ್ಣಿನ ರಸ್ತೆಗಳಿಗೆ ಅವು ಸಾಲುತ್ತವೆ. ಬಹುತೇಕ ಪ್ರವಾಸಗಳು ಅಷ್ಟರಲ್ಲಿಯೇ ಮುಗಿಯುತ್ತವೆ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸುವುದು ಒಳಿತು.

ಕೊಳ್ಳುವಾಗ ಹೊಳೆಯುವ ಬಣ್ಣಕ್ಕಿಂತ ಚಾಸಿಯ ಸ್ಥಿತಿ ಮುಖ್ಯ. ಕರಾವಳಿಯ ಉಪ್ಪುಗಾಳಿಯಲ್ಲಿ ಬಾಳಿದ ವಾಹನದ ಚಾಸಿ ಒಳಗಿನಿಂದಲೇ ತುಕ್ಕು ಹಿಡಿದಿರಬಹುದು. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಲೋಹವು ಕಂಚಿನಂತೆ ನುಡಿಯುತ್ತದೆ. ತುಕ್ಕು ತಿಂದ ಭಾಗ ಮಂದವಾಗಿ ಸದ್ದು ಮಾಡುತ್ತದೆ. ಸ್ಪ್ರಿಂಗಿನ ಕೊಂಡಿಗಳು ಬೆಸುಗೆಯಾಗಿರುವ ಎಡೆಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ಎಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು. ಕೊಳೆತ ಚಾಸಿಯ ಮೇಲೆ ಹಾಕಿದ ಹಣ ಮರಳದು.

ಯಂತ್ರಭಾಗ

ಅನುಭವಿಗಳು ಮೊದಲು ಹಣ ಹಾಕುವುದು ಬ್ರೇಕು, ರೇಡಿಯೇಟರ್, ರಬ್ಬರ್ ನಳಿಕೆಗಳು, ಚಕ್ರದ ಬೇರಿಂಗು ಮತ್ತು ಟೈರುಗಳ ಮೇಲೆ. ಹೊಸಬರು ಸಾಮಾನ್ಯವಾಗಿ ದೀಪ, ವಿಂಚು, ಎತ್ತರ ಹೆಚ್ಚಿಸುವ ಕಿಟ್ಟುಗಳಿಂದ ಆರಂಭಿಸುತ್ತಾರೆ. ಎತ್ತರ ಹೆಚ್ಚಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ಕೀಲುಗಳು ಬೇಗ ಸವೆಯುತ್ತವೆ, ಬ್ರೇಕಿನ ನಳಿಕೆಗಳು ಬಿಗಿಯುತ್ತವೆ, ತಿರುವಿನಲ್ಲಿ ವಾಹನ ಮಗುಚುವ ಸಂಭವವೂ ಹೆಚ್ಚುತ್ತದೆ. ಟೈರಿನ ವ್ಯಾಸ ಶೇ. 5ರಷ್ಟು ದೊಡ್ಡದಾದರೆ ವೇಗಮಾಪಕವು 60 ಎಂದು ತೋರಿಸುವಾಗ ನಿಜವಾದ ವೇಗ 63 ಆಗಿರುತ್ತದೆ.

ಜಿಪ್ಸಿಯಂತಹ ವಾಹನಗಳಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಶಿಯಲ್ ಇರುವುದಿಲ್ಲ. ಆದುದರಿಂದ ನಾಲ್ಕು ಚಕ್ರದ ಗೇರನ್ನು ಒಣ ಡಾಂಬರಿನ ಮೇಲೆ ಬಳಸಕೂಡದು. ಬಳಸಿದರೆ ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ಮರಳಿನಲ್ಲಿ ಸಿಕ್ಕಿಕೊಂಡಾಗ ವಿಂಚಿಗಿಂತ ಮೊದಲು ನೆರವಾಗುವುದು ಟೈರಿನ ಗಾಳಿ. ಒತ್ತಡವನ್ನು 18-20 ಪಿಎಸ್ಐಗೆ ಇಳಿಸಿದರೆ ಟೈರು ಅಗಲವಾಗಿ ಹರಡಿ ಹಿಡಿತ ಸಿಗುತ್ತದೆ. ಗಟ್ಟಿ ರಸ್ತೆಗೆ ಬಂದೊಡನೆ ಮತ್ತೆ ತುಂಬಲು ಸಣ್ಣ ಕಂಪ್ರೆಸರ್ ಜೊತೆಯಲ್ಲಿರಬೇಕು.

ತೂಕ

ಪರಿವರ್ತನೆಯಲ್ಲಿ ಹೆಚ್ಚಿನವರು ಎಡವುವುದು ತೂಕದ ಲೆಕ್ಕದಲ್ಲಿ. ನೋಂದಣಿ ಪತ್ರದಲ್ಲಿ ನಮೂದಾಗಿರುವ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆದರೆ ಹೊರಬಹುದಾದ ಭಾರ ತಿಳಿಯುತ್ತದೆ. ಅದು 500 ಕಿಲೋ ಎಂದಿಟ್ಟುಕೊಳ್ಳೋಣ. ಇಬ್ಬರು ವಯಸ್ಕರು 140, ನೀರು 40 ಲೀಟರ್ ಎಂದರೆ 40, ಚಾವಣಿಯ ಗುಡಾರ ಮತ್ತು ಕ್ಯಾರಿಯರ್ 90, ತುಂಬಿದ ಫ್ರಿಜ್ 30, ಎರಡನೆಯ ಬ್ಯಾಟರಿ 30, ಮಂಚ ಮತ್ತು ಡ್ರಾಯರುಗಳು 50, ಡಬ್ಬದಲ್ಲಿ 20 ಲೀಟರ್ ಪೆಟ್ರೋಲು 20, ಉಪಕರಣ, ಬಟ್ಟೆ, ದಿನಸಿ 60, ಉಕ್ಕಿನ ಬಂಪರು ಮತ್ತು ವಿಂಚು 60. ಒಟ್ಟು 520 ಕಿಲೋ. ಹಿಂದಿನ ಸೀಟಿನಲ್ಲಿ ಯಾರೂ ಕೂರುವ ಮೊದಲೇ ಮಿತಿ ಮೀರಿದೆ. ಬಂಪರು ಮತ್ತು ವಿಂಚುಗಳನ್ನು ಕೈಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

ಮಂಚಕ್ಕೆ 18 ಮಿ.ಮೀ. ಬದಲು 12 ಮಿ.ಮೀ. ಪ್ಲೈವುಡ್ ಬಳಸಿ ಅಡಿಯಲ್ಲಿ ಪಟ್ಟಿ ಕೊಟ್ಟರೆ, ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಒಂದು ಹಾಳೆಯಲ್ಲಿಯೇ ಸುಮಾರು 10 ಕಿಲೋ ಉಳಿಯುತ್ತದೆ. ಚಾವಣಿಯು ನಿಂತಾಗ ಹೊರಬಲ್ಲ ಭಾರ ಬೇರೆ, ಓಡುವಾಗ ಹೊರಬಲ್ಲ ಭಾರ ಬೇರೆ. ನಿಂತ ವಾಹನದ ಚಾವಣಿ ಗುಡಾರದಲ್ಲಿ ಮಲಗಿದ ಇಬ್ಬರನ್ನು ತಾಳಿಕೊಂಡೀತು. ಹಳ್ಳ ದಿಣ್ಣೆಗಳಲ್ಲಿ ಓಡುವಾಗ ಅಷ್ಟೇ ಭಾರ ಹೇರಿದರೆ ಕಂಬಗಳ ಬೆಸುಗೆ ಬಿರಿಯಬಹುದು. ನೀರು, ಬ್ಯಾಟರಿ, ಉಪಕರಣಗಳು ಯಾವಾಗಲೂ ಕೆಳಗೆ, ಎರಡು ಅಚ್ಚುಗಳ ನಡುವೆ ಇರಬೇಕು.

ವಿದ್ಯುತ್ತು

ಎಂಜಿನ್ ಚಾಲೂ ಮಾಡುವ ಬ್ಯಾಟರಿಯಿಂದಲೇ ಫ್ರಿಜ್ ಓಡಿಸಿದರೆ ಬೆಳಿಗ್ಗೆ ವಾಹನವನ್ನು ತಳ್ಳಬೇಕಾಗುತ್ತದೆ. ಆದುದರಿಂದ ಎರಡನೆಯ ಬ್ಯಾಟರಿ ಇಡುತ್ತಾರೆ. 12 ವೋಲ್ಟ್, 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1200 ವಾಟ್-ಗಂಟೆ ಇದ್ದರೂ ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ಬಳಕೆಗೆ ಸಿಗುವುದು 600 ಮಾತ್ರ. 45 ವಾಟ್ ಫ್ರಿಜ್ ದಿನದ ಮೂರನೆಯ ಒಂದು ಭಾಗ ಓಡಿದರೆ 360 ವಾಟ್-ಗಂಟೆ ಬೇಕು. ಹಳೆಯ ವಾಹನಗಳ ಆಲ್ಟರ್ನೇಟರ್ ಸರಳವಾದುದರಿಂದ ವೋಲ್ಟೇಜ್ ನೋಡಿ ಕೂಡುವ ಸಾಧಾರಣ ರಿಲೇಯೇ ಎರಡೂ ಬ್ಯಾಟರಿಗಳಿಗೆ ಸಾಕಾಗುತ್ತದೆ. ಹೊಸ ವಾಹನಗಳಿಗಿಂತ ಇವು ಸುಲಭವೆನಿಸುವ ಕೆಲವೇ ವಿಷಯಗಳಲ್ಲಿ ಇದೂ ಒಂದು. ಬ್ಯಾಟರಿಯ ತುದಿಗೆ ಆದಷ್ಟು ಹತ್ತಿರದಲ್ಲಿ ಫ್ಯೂಸ್ ಇಲ್ಲದಿದ್ದರೆ, ಉಜ್ಜಿ ಸವೆದ ಒಂದು ತಂತಿಯಿಂದ ಇಡೀ ವಾಹನ ಹೊತ್ತಿಕೊಳ್ಳಬಹುದು.

ಬೆಂಕಿ ಮತ್ತು ಉಸಿರು

ಕಿಟಕಿ ಮುಚ್ಚಿದ ವಾಹನದೊಳಗೆ ಒಲೆ ಉರಿಸುವುದು, ಚಳಿಗೆ ಕೆಂಡದ ಬಾಣಲೆ ಇಡುವುದು, ಎಂಜಿನ್ ಚಾಲೂ ಇಟ್ಟು ಮಲಗುವುದು ಪ್ರಾಣಾಂತಿಕ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಳೆಯ ವಾಹನಗಳ ಸವೆದ ಸೈಲೆನ್ಸರಿನಿಂದ ಹೊರಟ ಹೊಗೆಯು ನೆಲಹಾಸಿನ ತೂತುಗಳ ಮೂಲಕ ಒಳಬರುವುದರಿಂದ ಇಲ್ಲಿ ಅಪಾಯ ದುಪ್ಪಟ್ಟು. ಅಡುಗೆ ಅನಿಲವು ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿಯೇ ನಿಲ್ಲುತ್ತದೆ. ಅಡುಗೆಯನ್ನು ಹಿಂಬಾಗಿಲ ಹೊರಗೆ ಮಾಡಿ, ರಾತ್ರಿ ಎರಡು ಕಿಟಕಿಗಳನ್ನು ಬೆರಳಗಲ ತೆರೆದು, ಅನಿಲ ಸೂಚಕ ಮತ್ತು ಬೆಂಕಿ ನಂದಿಸುವ ಸಿಲಿಂಡರನ್ನು ಕೈಗೆಟಕುವಂತೆ ಇಡುವುದು ರೂಢಿ.

ಕಾನೂನು

ಮೋಟಾರು ವಾಹನ ಕಾಯಿದೆಯ 52ನೇ ವಿಧಿಯು ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಮಾರ್ಪಾಟನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಟಿಗೆ ತಲಾ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ಉಕ್ಕಿನ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯವು 2017ರಲ್ಲಿಯೇ ಸೂಚನೆ ನೀಡಿದೆ. ಆದುದರಿಂದ ಬೋಲ್ಟು ಬಿಚ್ಚಿ ಹೊರತೆಗೆಯಬಹುದಾದ ಮಂಚ, ಪೆಟ್ಟಿಗೆಗಳನ್ನೇ ಜಾಣರು ಆರಿಸುತ್ತಾರೆ. ಚಾಸಿ ಕತ್ತರಿಸುವುದು, ಬೇರೆ ಎಂಜಿನ್ ಕೂರಿಸುವುದು, ಸೀಟುಗಳ ಸಂಖ್ಯೆ ಬದಲಿಸುವುದು ಮುಂತಾದವುಗಳಿಗೆ ಆರ್‌ಟಿಒ ಕಚೇರಿಯನ್ನು ಮೊದಲೇ ವಿಚಾರಿಸಬೇಕು. ಅಪಘಾತವಾದಾಗ ವಿಮಾ ಪರಿಹಾರಕ್ಕೂ ಇದು ತೊಡಕಾಗುತ್ತದೆ.

ಖಾಸಗಿ ವಾಹನದ ನೋಂದಣಿಗೆ 15 ವರ್ಷ ತುಂಬಿದ ಮೇಲೆ ತಪಾಸಣೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ದೆಹಲಿ ಪ್ರದೇಶದ ಹಳೆಯ ವಾಹನ ನಿರ್ಬಂಧಗಳಿಂದಾಗಿ ಅಗ್ಗವಾಗಿ ಸಿಗುವ ವಾಹನಗಳನ್ನು ಕರ್ನಾಟಕಕ್ಕೆ ತರುವವರು ಅಲ್ಲಿನ ಆಕ್ಷೇಪಣಾರಹಿತ ಪತ್ರ ಮತ್ತು ಇಲ್ಲಿನ ಜೀವಿತಾವಧಿ ತೆರಿಗೆ ಎರಡನ್ನೂ ಲೆಕ್ಕ ಹಾಕಿಯೇ ಬೆಲೆ ಮಾತನಾಡಬೇಕು.

ತಂಗುವ ಸ್ಥಳ

ವನ್ಯಜೀವಿಧಾಮಗಳಿಗೆ ಅನುಮತಿಯಿಲ್ಲದ ಪ್ರವೇಶವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿರ್ಬಂಧಿಸುತ್ತದೆ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ತಡೆಯಿದೆ. ಪಶ್ಚಿಮಘಟ್ಟದ ಶೋಲಾ ಹುಲ್ಲುಗಾವಲಿನ ಮೇಲೆ ಮಳೆಗಾಲದಲ್ಲಿ ಹಾದ ಟೈರಿನ ಗುರುತು ನೀರಿನ ಕಾಲುವೆಯಾಗಿ ಕೊರೆದು ಮಣ್ಣು ಜಾರಲು ಕಾರಣವಾಗುತ್ತದೆ. ಖಾಸಗಿ ತೋಟದ ಮಾಲೀಕರನ್ನು ಕೇಳಿ ಅಂಗಳದಲ್ಲಿ ತಂಗುವುದು ಈಗ ಸಾಮಾನ್ಯವಾಗುತ್ತಿದೆ. ಒಣಗಿದ ಹಳ್ಳದ ಪಾತ್ರ ಮತ್ತು ಅಣೆಕಟ್ಟಿನ ಕೆಳಗಿನ ಹೊಳೆದಂಡೆ ಎಷ್ಟೇ ಸಮತಟ್ಟಾಗಿದ್ದರೂ ಅಲ್ಲಿ ಗುಡಾರ ಬಿಚ್ಚಬಾರದು. ಮೇಲೆ ಸುರಿದ ಮಳೆಯೋ ತೆರೆದ ತೂಬೋ ರಾತ್ರೋರಾತ್ರಿ ನೀರನ್ನು ಏರಿಸಬಲ್ಲದು.