ಮೊದಲು ಕಿವಿ, ಆಮೇಲೆ ಆಜ್ಞೆ

ನಾಲ್ಕು ಜನರಿಂದ ಕೆಲಸ ಮಾಡಿಸುವವರಿಗೆ ಮುಖ್ಯವಾಗಿ ಬೇಕಾದದ್ದು ಏನು? ಕೆಲಸದ ಅನುಭವವೇ? ಲೆಕ್ಕಾಚಾರವೇ? ಎರಡೂ ಬೇಕು, ಆದರೆ ಅಷ್ಟೇ ಸಾಲದು. ತನ್ನ ಮನಸ್ಸನ್ನೂ ಎದುರಿನವರ ಮನಸ್ಸನ್ನೂ ಅರಿತು ನಡೆಯುವ ಜಾಣ್ಮೆಯೂ ಬೇಕು. ಇದನ್ನೇ ಮನಶ್ಶಾಸ್ತ್ರಜ್ಞರು 'ಭಾವನಾತ್ಮಕ ಬುದ್ಧಿವಂತಿಕೆ' ಎನ್ನುತ್ತಾರೆ. 1995ರಲ್ಲಿ ತಮ್ಮ ಪುಸ್ತಕದ ಮೂಲಕ ಈ ವಿಚಾರವನ್ನು ಜನಪ್ರಿಯಗೊಳಿಸಿದ ಅಮೆರಿಕದ ಡೇನಿಯಲ್ ಗೋಲ್ಮನ್, 1998ರ ಲೇಖನವೊಂದರಲ್ಲಿ ನಾಯಕನಿಗೆ ಐದು ಗುಣಗಳನ್ನು ಹೇಳಿದರು: ತನ್ನನ್ನು ತಾನು ಅರಿಯುವುದು, ತನ್ನ ಮೇಲೆ ಹಿಡಿತ, ಒಳಗಿನ ಉತ್ಸಾಹ, ಪರರ ನೋವಿಗೆ ಸ್ಪಂದನೆ, ಜನರೊಡನೆ ಬೆರೆಯುವ ಕಲೆ.

ಭಯ ಬಂದಾಗ

ಬನಿಯನ್ ಕಂಪನಿಗಳ ಊರಾದ ತಿರುಪ್ಪೂರಿನಲ್ಲಿ ಬಿಹಾರ, ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಬಹಳಷ್ಟು ಮಂದಿ ದುಡಿಯುತ್ತಾರೆ. 2023ರ ಮಾರ್ಚ್ ಹೊತ್ತಿಗೆ, ತಮಿಳುನಾಡಿನಲ್ಲಿ ಹೊರರಾಜ್ಯದವರ ಮೇಲೆ ಹಲ್ಲೆ ನಡೆಯುತ್ತಿದೆ ಎಂಬ ಸುಳ್ಳು ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಕಾರ್ಮಿಕರು ಹೆದರಿದರು. ಊರಲ್ಲಿದ್ದ ತಂದೆತಾಯಿಗಳು ಫೋನ್ ಮಾಡಿ ಅತ್ತರು. ಪೊಲೀಸರು ಸಹಾಯವಾಣಿ ತೆರೆದು ಹಿಂದಿಯಲ್ಲೇ ಧೈರ್ಯ ಹೇಳಿದರು. ಬಿಹಾರ ಸರ್ಕಾರದ ತಂಡವೂ ಬಂದು ವಿಚಾರಿಸಿತು.

ಅಂಥ ಹೊತ್ತಿನಲ್ಲಿ ಸೂಪರ್‌ವೈಸರ್ ಏನು ಹೇಳಬೇಕು? "ಅದೆಲ್ಲ ಸುಳ್ಳು, ಹೋಗಿ ಕೆಲಸ ನೋಡು" ಎಂದರೆ ಮಾತು ನಿಜವೇ. ಆದರೆ ಸುದ್ದಿ ಸುಳ್ಳಾದರೂ ಭಯ ಸುಳ್ಳಲ್ಲವಲ್ಲ! "ಮನೆಯವರು ಏನಂದರಪ್ಪಾ? ಕೂತು ಹೇಳು" ಎಂದು ಮೊದಲು ಕೇಳಿದರೆ, ಆಮೇಲೆ ಹೇಳುವ ಸತ್ಯ ಮನಸ್ಸಿಗೆ ನಾಟುತ್ತದೆ. ದಿನವೂ ಗದರಿಸುತ್ತಿದ್ದವರ ಸಾಂತ್ವನವನ್ನು ಆ ದಿನ ಯಾರು ನಂಬುತ್ತಾರೆ?

ಆಸೆ ಹೇಳಿಕೊಂಡಾಗ

ಭಯಕ್ಕೆ ಮಾತ್ರವಲ್ಲ, ಆಸೆಗೂ ಕಿವಿಗೊಡಬೇಕು. ಕೊಯಮತ್ತೂರಿನ ಕೆ.ಪಿ.ಆರ್. ಮಿಲ್‌ನ ಕೆ.ಪಿ. ರಾಮಸ್ವಾಮಿ ಅವರ ಬಳಿ ಕೆಲಸದ ಹುಡುಗಿಯೊಬ್ಬಳು, ಬಡತನದಿಂದ ನಿಂತುಹೋದ ಓದನ್ನು ಮುಂದುವರಿಸುವ ಆಸೆ ಹೇಳಿಕೊಂಡಳಂತೆ. ಆ ಒಂದು ಮಾತಿನಿಂದ ಮಿಲ್ಲಿನಲ್ಲಿ ಪಾಳಿ ಮುಗಿದ ಮೇಲೆ ಪಾಠ ಶುರುವಾಯಿತು. ಅಲ್ಲಿ ದುಡಿಯುತ್ತಲೇ ಓದಿದ ಯುವತಿಯರ ಸಂಖ್ಯೆ ಸಾವಿರಗಳನ್ನು ದಾಟಿದೆ.

ನಾವೇನು ಮಾಡಬಹುದು?

* ಸಿಟ್ಟು ಬಂದಾಗ ಒಂದು ಲೋಟ ನೀರು ಕುಡಿದು ಮಾತಾಡಿ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ.
* ತಪ್ಪನ್ನು ಒಬ್ಬರೇ ಇದ್ದಾಗ ತಿದ್ದಿ, ಮೆಚ್ಚುಗೆಯನ್ನು ಎಲ್ಲರೆದುರು ಹೇಳಿ.
* ಕೈಕೆಳಗಿನವರನ್ನು ಹೆಸರು ಹಿಡಿದು ಕರೆಯಿರಿ, ಮನೆಯ ಕ್ಷೇಮ ವಿಚಾರಿಸಿ.

ಕೇಳುವುದೆಂದರೆ ಕೇಳಿದ್ದಕ್ಕೆಲ್ಲ ತಲೆಯಾಡಿಸುವುದಲ್ಲ. ರಜೆ ಕೊಡಲಾಗದಿದ್ದರೆ ಕಾರಣ ತಿಳಿಸಿ 'ಇಲ್ಲ' ಎನ್ನಬಹುದು. ನ್ಯಾಯವಾದ ಕೂಲಿಯ ಬದಲಿಗೆ ಸಿಹಿಮಾತು ಕೊಡುವುದಂತೂ ಖಂಡಿತ ಸಲ್ಲದು. ಹೆದರಿ ದುಡಿಯುವವನು ಯಜಮಾನ ಕಾಣುವವರೆಗೆ ಮಾತ್ರ ದುಡಿಯುತ್ತಾನೆ. ಗೌರವ ಸಿಕ್ಕವನು ಯಜಮಾನ ಇಲ್ಲದಾಗಲೂ ದುಡಿಯುತ್ತಾನೆ.