ಮುಖ ನನ್ನದು, ಚಿತ್ರ ಯಾರದು?

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ನಡೆದ ವಿಜ್ಞಾನ ಪ್ರದರ್ಶನದಲ್ಲಿ ವಿದ್ಯಾರ್ಥಿನಿಯೊಬ್ಬಳು ರೋಹಿತಮಾಪಕದ ಬಳಿ ನಿಂತು ಸೋಡಿಯಂ ದೀಪದ ಜೋಡಿ ಹಳದಿ ರೇಖೆಗಳನ್ನು ನೋಟಕರಿಗೆ ತೋರಿಸುತ್ತಿದ್ದಳು. ಅವಳ ಗೆಳತಿ ಆ ದೃಶ್ಯವನ್ನು ತನ್ನ ಮೊಬೈಲಿನಲ್ಲಿ ಸೆರೆಹಿಡಿದು ತನ್ನ ಪುಟದಲ್ಲಿ ಪ್ರಕಟಿಸಿದಳು. ಮೂರು ತಿಂಗಳ ತರುವಾಯ ಅದೇ ಚಿತ್ರ ಬೇರೊಂದು ಊರಿನ ತರಬೇತಿ ಸಂಸ್ಥೆಯ ಜಾಹೀರಾತಿನಲ್ಲಿ ಕಾಣಿಸಿಕೊಂಡಿತು. ಈಕೆ ನಮ್ಮಲ್ಲಿ ಕಲಿತು ಗೆದ್ದವಳು ಎಂಬ ಅರ್ಥದ ಬರಹ ಅದರ ಕೆಳಗೆ ಇತ್ತು. ಆ ಸಂಸ್ಥೆಯ ಹೊಸ್ತಿಲನ್ನೂ ಹುಡುಗಿ ತುಳಿದಿರಲಿಲ್ಲ. ಬಂಧುಗಳು ಅವಳ ಮನೆಗೆ ಫೋನು ಮಾಡತೊಡಗಿದರು. ತಮಗೆ ಹೇಳದೆ ಮಗಳು ಎಲ್ಲಿ ಸೇರಿದಳು, ಹಣ ಎಲ್ಲಿಂದ ತಂದಳು ಎಂದು ತಂದೆ ಕೇಳಿದರು. ಮರುದಿನ ಹುಡುಗಿ ಪ್ರಯೋಗಶಾಲೆಗೆ ಬಂದು, "ಸಾರ್, ಮುಖ ನನ್ನದು. ಹಾಗಿದ್ದ ಮೇಲೆ ಚಿತ್ರವೂ ನನ್ನದೇ ಅಲ್ಲವೇ?" ಎಂದಳು.

ನಾವು ಭೌತಶಾಸ್ತ್ರವನ್ನು ಬೋಧಿಸುವವರು, ನ್ಯಾಯಶಾಸ್ತ್ರ ಬಲ್ಲವರಲ್ಲ. "ಹೌದು, ನಿನ್ನದೇ" ಎಂದುಬಿಟ್ಟೆವು. ಆ ಉತ್ತರ ಅರ್ಧ ತಪ್ಪೆಂಬುದು ಪರಿಚಿತ ವಕೀಲರೊಬ್ಬರನ್ನು ಕಂಡು, ಕಾಯಿದೆಯ ಪುಸ್ತಕವನ್ನು ತಿರುವಿ ಹಾಕಿದ ಮೇಲೆ ತಿಳಿಯಿತು. ಅಂದು ನಾವು ಕಲಿತುದನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಬೆಳಕು ಅಂಕಿಯಾಗುವ ಬಗೆ

ಮೊದಲು ಚಿತ್ರವೆಂದರೇನು ಎಂಬುದನ್ನು ನೋಡೋಣ. ಹಿಂದಿನ ಕ್ಯಾಮರಾದಲ್ಲಿ ಬೆಳಕು ಬೆಳ್ಳಿಯ ಲವಣದ ಲೇಪವಿದ್ದ ಫಿಲ್ಮಿನ ಮೇಲೆ ಬಿದ್ದು ರಾಸಾಯನಿಕ ಬದಲಾವಣೆಯನ್ನು ಉಂಟುಮಾಡುತ್ತಿತ್ತು. ಇಂದಿನ ಫೋನಿನೊಳಗೆ ಫಿಲ್ಮಿಗೆ ಬದಲಾಗಿ ಬೆರಳಿನ ಉಗುರಿನಷ್ಟು ಚಿಕ್ಕದಾದ ಸಿಲಿಕಾನಿನ ಬಿಲ್ಲೆ ಇದೆ. ಅದರ ಮೈಮೇಲೆ ಲಕ್ಷಾಂತರ ಸೂಕ್ಷ್ಮ ಕೋಶಗಳು ಸಾಲುಸಾಲಾಗಿ ಹರಡಿವೆ. ಬೆಳಕಿನ ಕಣಗಳಾದ ಫೋಟಾನುಗಳು ಕೋಶವನ್ನು ಹೊಕ್ಕಾಗ ಎಲೆಕ್ಟ್ರಾನುಗಳು ಬಿಡುಗಡೆ ಹೊಂದುತ್ತವೆ. ಬೆಳಕು ಹೆಚ್ಚಾದಷ್ಟೂ ಎಲೆಕ್ಟ್ರಾನುಗಳೂ ಹೆಚ್ಚು. ಈ ವಿದ್ಯುದಂಶವನ್ನು ಅಳೆದು ಅಂಕಿಯಾಗಿ ಬರೆಯಲಾಗುತ್ತದೆ. ಸಾಮಾನ್ಯ ಚಿತ್ರದಲ್ಲಿ ಒಂದೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳಿಗೆ ಸೊನ್ನೆಯಿಂದ ೨೫೫ರ ವರೆಗಿನ ಮೂರು ಅಂಕಿಗಳಿರುತ್ತವೆ. ೧ ಕೋಟಿ ೨೦ ಲಕ್ಷ ಬಿಂದುಗಳ ಚಿತ್ರವೆಂದರೆ ೩ ಕೋಟಿ ೬೦ ಲಕ್ಷ ಅಂಕಿಗಳ ಪಟ್ಟಿ.

ಇದರಿಂದ ಬಹು ದೊಡ್ಡ ಪರಿಣಾಮವೊಂದು ಉಂಟಾಯಿತು. ಫಿಲ್ಮಿನ ಚಿತ್ರದಿಂದ ಪ್ರತಿ, ಆ ಪ್ರತಿಯಿಂದ ಇನ್ನೊಂದು ಪ್ರತಿ ಎಂದು ತೆಗೆಯುತ್ತ ಹೋದರೆ ಪ್ರತಿ ಸಲವೂ ವಿವರ ಮಾಸುತ್ತಿತ್ತು, ಸಮಯವೂ ಹಣವೂ ತಗಲುತ್ತಿತ್ತು. ಅಂಕಿಯ ಗತಿ ಹಾಗಲ್ಲ. ೧೭೩ ಎಂಬುದನ್ನು ಸಾವಿರ ಬಾರಿ ನಕಲು ಮಾಡಿದರೂ ಅದು ೧೭೩ ಆಗಿಯೇ ಉಳಿಯುತ್ತದೆ. ಜಾಲತಾಣಗಳು ಚಿತ್ರವನ್ನು ಒತ್ತಿ ಕುಗ್ಗಿಸುವಾಗ ಒಂದಿಷ್ಟು ಸೂಕ್ಷ್ಮ ನಷ್ಟವಾಗುತ್ತದೆ, ನಿಜ. ಆದರೆ ಮುಖ ಗುರುತಿಸಲು ಅದರಿಂದ ಅಡ್ಡಿಯಿಲ್ಲ. ನಕಲು ಮಾಡುವುದು ಇಷ್ಟು ಸುಲಭವಾದುದರಿಂದಲೇ ಕಾನೂನಿನ ತೊಡಕು ಇಷ್ಟು ಬೆಳೆದಿದೆ.

ಹಿಟ್ಟಿನ ಜಾಹೀರಾತಿನ ಹುಡುಗಿ

ತೊಡಕು ಬೆಳೆದಿದೆಯೇ ಹೊರತು ಹೊಸದಲ್ಲ. ಅಮೆರಿಕದ ಜಾರ್ಜ್ ಈಸ್ಟ್‌ಮನ್ ೧೮೮೮ರಲ್ಲಿ ಕೊಡಾಕ್ ಕ್ಯಾಮರಾವನ್ನು ಮಾರಾಟಕ್ಕೆ ತಂದ. ನೂರು ಚಿತ್ರಗಳ ಫಿಲ್ಮು ತುಂಬಿದ ಆ ಪೆಟ್ಟಿಗೆಯನ್ನು ಹಿಡಿದು ಯಾರು ಬೇಕಾದರೂ ಯಾರ ಚಿತ್ರವನ್ನು ಬೇಕಾದರೂ ತೆಗೆಯುವಂತಾಯಿತು. ಎರಡೇ ವರ್ಷಗಳಲ್ಲಿ, ೧೮೯೦ರಲ್ಲಿ, ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಇಬ್ಬರು ವಕೀಲರು ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಪ್ರತಿಪಾದಿಸುವ ಲೇಖನ ಬರೆದರು. ಅವರ ಆತಂಕದ ಕಾರಣಗಳಲ್ಲಿ ಕ್ಷಣಮಾತ್ರದಲ್ಲಿ ತೆಗೆಯಬಹುದಾದ ಛಾಯಾಚಿತ್ರವೂ ಒಂದಾಗಿತ್ತು.

ನ್ಯೂಯಾರ್ಕ್ ರಾಜ್ಯದ ಅಬಿಗೇಲ್ ರಾಬರ್ಸನ್ ಎಂಬ ತರುಣಿಯ ಕಥೆ ನಮ್ಮ ವಿದ್ಯಾರ್ಥಿನಿಯ ಕಥೆಯನ್ನೇ ಹೋಲುತ್ತದೆ. ಅವಳ ಭಾವಚಿತ್ರವನ್ನು ಅವಳ ಒಪ್ಪಿಗೆಯಿಲ್ಲದೆ ಹಿಟ್ಟಿನ ಜಾಹೀರಾತಿನಲ್ಲಿ ಅಚ್ಚುಹಾಕಿದರು. ಸುಮಾರು ೨೫,೦೦೦ ಪ್ರತಿಗಳು ಅಂಗಡಿ, ಗೋದಾಮುಗಳ ಗೋಡೆಗಳನ್ನೇರಿದುವು. ಅವಮಾನದಿಂದ ತಾನು ಹಾಸಿಗೆ ಹಿಡಿದೆನೆಂದು ಅವಳು ದಾವೆಯಲ್ಲಿ ಹೇಳಿಕೊಂಡಳು. ೧೯೦೨ರಲ್ಲಿ ಆ ರಾಜ್ಯದ ಅತ್ಯುಚ್ಚ ನ್ಯಾಯಾಲಯ, ಇಂಥ ಹಕ್ಕು ಕಾನೂನಿನಲ್ಲಿ ಇಲ್ಲವೆಂದು ನಾಲ್ಕು ಮೂರರ ಬಹುಮತದಿಂದ ದಾವೆಯನ್ನು ತಳ್ಳಿಹಾಕಿತು. ಜನ ಕೆರಳಿದರು. ಮರುವರ್ಷವೇ, ಲಿಖಿತ ಒಪ್ಪಿಗೆಯಿಲ್ಲದೆ ಒಬ್ಬರ ಹೆಸರನ್ನಾಗಲಿ ಚಿತ್ರವನ್ನಾಗಲಿ ಜಾಹೀರಾತಿಗೆ ಬಳಸಕೂಡದೆಂಬ ಕಾಯಿದೆಯನ್ನು ರಾಜ್ಯದ ಶಾಸನಸಭೆ ಮಾಡಿತು. ಅಬಿಗೇಲ್ ಸೋತಳು, ಅವಳ ಸೋಲಿನಿಂದ ಮುಂದಿನವರಿಗೆ ಹಕ್ಕು ದೊರೆಯಿತು.

ತೆಗೆದವರ ಹಕ್ಕು

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿ ಒಂದು ಚಿತ್ರದಲ್ಲಿ ಎರಡು ಬೇರೆ ಬೇರೆ ಹಕ್ಕುಗಳು ಅಡಗಿವೆ. ಅವುಗಳನ್ನು ಬೆರಸಿದುದೇ ನಮ್ಮ ಅಂದಿನ ತಪ್ಪು.

ಮೊದಲನೆಯದು ಕೃತಿಸ್ವಾಮ್ಯ. ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದ ವ್ಯಕ್ತಿ. ಚಿತ್ರದಲ್ಲಿರುವವರು ಕರ್ತೃಗಳಲ್ಲ. ನಿಮ್ಮ ಚಿತ್ರವನ್ನು ನೀವೇ ತೆಗೆದುಕೊಂಡರೆ ಸ್ವಾಮ್ಯ ನಿಮ್ಮದು. ಗೆಳೆಯನ ಕೈಗೆ ನಿಮ್ಮ ಫೋನನ್ನೇ ಕೊಟ್ಟು ತೆಗೆಸಿಕೊಂಡರೂ ಸಾಮಾನ್ಯವಾಗಿ ಕರ್ತೃ ಅವನೇ; ಉಪಕರಣ ಯಾರದೆಂಬುದು ಇಲ್ಲಿ ಮುಖ್ಯವಲ್ಲ. ಆದರೆ ಸ್ಟುಡಿಯೋದಲ್ಲಿ ಹಣ ಕೊಟ್ಟು ತೆಗೆಸಿಕೊಂಡ ಚಿತ್ರದ ಸಂಗತಿ ಬೇರೆ. ಬೇರೆ ಕರಾರು ಇಲ್ಲದಿದ್ದರೆ ತೆಗೆಸಿದವರೇ ಅದರ ಮೊದಲ ಸ್ವಾಮಿಗಳೆಂದು ೧೭ನೆಯ ಕಲಂ ಹೇಳುತ್ತದೆ. ಮದುವೆಯ ಚಿತ್ರಗಳನ್ನು ಸ್ಟುಡಿಯೋದವರು ತಮ್ಮ ಜಾಹೀರಾತಿಗೆ ಬಳಸುವ ಮುನ್ನ ಮನೆಯವರನ್ನು ಏಕೆ ಕೇಳಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ. ಚಿತ್ರ ತೆಗೆದ ಕ್ಷಣದಲ್ಲೇ ಅದು ಹುಟ್ಟುತ್ತದೆ. ಅಂತರಜಾಲದಲ್ಲಿ ಎಲ್ಲರ ಕಣ್ಣಿಗೂ ಬಿದ್ದ ಮಾತ್ರಕ್ಕೆ ಅದು ಅಳಿಯುವುದೂ ಇಲ್ಲ. ಬೀದಿಯಲ್ಲಿ ನಿಲ್ಲಿಸಿದ ಸೈಕಲ್ಲು ಎಲ್ಲರಿಗೂ ಕಾಣುತ್ತದೆ. ಹಾಗೆಂದು ಅದನ್ನು ಒಯ್ಯುವ ಅಧಿಕಾರ ಎಲ್ಲರಿಗೂ ಇಲ್ಲವಷ್ಟೆ. ಸ್ವಾಮ್ಯವುಳ್ಳವರು ನ್ಯಾಯಾಲಯದಿಂದ ತಡೆಯಾಜ್ಞೆಯನ್ನೂ ನಷ್ಟಪರಿಹಾರವನ್ನೂ ಕೇಳಬಹುದು. ನ್ಯಾಯಾಲಯಕ್ಕೆ ಹೋಗುವ ಮುನ್ನವೇ ಜಾಲತಾಣಕ್ಕೆ ಲಿಖಿತ ದೂರು ಕೊಡಲು ಅವಕಾಶವುಂಟು. ದೂರು ಕ್ರಮಬದ್ಧವಾಗಿದ್ದರೆ ೩೬ ಗಂಟೆಗಳೊಳಗೆ ಆ ಚಿತ್ರವನ್ನು ಮುಚ್ಚಿಡಬೇಕೆಂದು ೨೦೧೩ರ ಕೃತಿಸ್ವಾಮ್ಯ ನಿಯಮಗಳು ವಿಧಿಸುತ್ತವೆ. ಆದರೆ ೨೧ ದಿನಗಳೊಳಗೆ ನ್ಯಾಯಾಲಯದ ಆದೇಶ ಬಾರದಿದ್ದರೆ ಜಾಲತಾಣ ಅದನ್ನು ಮತ್ತೆ ತೆರೆದಿಡಬಹುದು. ವರದಿ, ವಿಮರ್ಶೆ ಮೊದಲಾದುವುಗಳಿಗೆ ನ್ಯಾಯವಾದ ಬಳಕೆಯ ವಿನಾಯಿತಿಗಳೂ ಇವೆ.

ಮುಖವುಳ್ಳವರ ಹಕ್ಕು

ಎರಡನೆಯದು ಚಿತ್ರದಲ್ಲಿರುವ ವ್ಯಕ್ತಿಯ ಹಕ್ಕು. ಒಂದು ಹಕ್ಕು ಸರಿಯಾಗಿದ್ದರೂ ಇನ್ನೊಂದು ಹೇಗೆ ಬಾಕಿಯುಳಿಯುತ್ತದೆ ಎಂಬುದಕ್ಕೆ ೨೦೦೭ರ ಒಂದು ಪ್ರಸಂಗ ನಿದರ್ಶನ. ಅಮೆರಿಕದ ಟೆಕ್ಸಾಸಿನಲ್ಲಿ ಹರೆಯದ ಹುಡುಗಿಯೊಬ್ಬಳ ಚಿತ್ರವನ್ನು ಪರಿಚಯದವರೊಬ್ಬರು ತೆಗೆದು, ಯಾರು ಬೇಕಾದರೂ ಬಳಸಬಹುದೆಂಬ ಪರವಾನಗಿಯೊಡನೆ ಜಾಲತಾಣದಲ್ಲಿ ಇಟ್ಟರು. ಆಸ್ಟ್ರೇಲಿಯದ ಮೊಬೈಲ್ ಕಂಪನಿಯೊಂದು ಅದನ್ನೆತ್ತಿ, ಹುಡುಗಿಯನ್ನು ಹಾಸ್ಯ ಮಾಡುವ ಬರಹದೊಂದಿಗೆ ಬಸ್ ನಿಲ್ದಾಣದಲ್ಲಿ ಜಾಹೀರಾತು ಹಾಕಿತು. ತೆಗೆದವರ ಅನುಮತಿ ಇತ್ತು, ಹುಡುಗಿಯ ಅನುಮತಿ ಇರಲಿಲ್ಲ. ಅವಳ ಕಡೆಯವರು ಟೆಕ್ಸಾಸಿನಲ್ಲಿ ದಾವೆ ಹೂಡಿದರು. ೨೦೦೯ರಲ್ಲಿ ಆ ದಾವೆ ವಜಾ ಆಯಿತು. ಆಸ್ಟ್ರೇಲಿಯದ ಕಂಪನಿಯ ಮೇಲೆ ಟೆಕ್ಸಾಸಿನ ನ್ಯಾಯಾಲಯಕ್ಕೆ ಅಧಿಕಾರವಿಲ್ಲವೆಂಬುದೇ ಅದಕ್ಕೆ ಕಾರಣ. ಚಿತ್ರ ನಿಮಿಷದಲ್ಲಿ ಗಡಿ ದಾಟಿತು, ಕಾನೂನಿಗೆ ದಾಟಲಾಗಲಿಲ್ಲ.

ಭಾರತದಲ್ಲಿ ಈ ಹಕ್ಕು ಮುಖ್ಯವಾಗಿ ನ್ಯಾಯಾಲಯದ ತೀರ್ಪುಗಳಿಂದ ಬೆಳೆದುಬಂದಿದೆ. ಒಪ್ಪಿಗೆಯಿಲ್ಲದೆ ಒಬ್ಬರ ಹೆಸರು ಅಥವಾ ರೂಪವನ್ನು ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆಯೆಂಬುದನ್ನು ಸರ್ವೋಚ್ಚ ನ್ಯಾಯಾಲಯ ೧೯೯೪ರ ರಾಜಗೋಪಾಲ್ ಮೊಕದ್ದಮೆಯಲ್ಲಿ ಗುರುತಿಸಿತು. ಖಾಸಗಿತನ ಸಂವಿಧಾನವೇ ಕೊಟ್ಟ ಮೂಲಭೂತ ಹಕ್ಕೆಂದು ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಕೆಲವು ಕೃತ್ಯಗಳು ನೇರವಾಗಿ ಅಪರಾಧಗಳೇ ಆಗಿವೆ. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಗುಪ್ತಾಂಗಗಳ ಚಿತ್ರ ತೆಗೆಯುವವರಿಗೆ ಅಥವಾ ಹರಡುವವರಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಇ ಕಲಂ ಮೂರು ವರ್ಷಗಳ ವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಗಳ ವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಭಾರತೀಯ ನ್ಯಾಯ ಸಂಹಿತೆಯ ೭೭ನೆಯ ಕಲಮಿನ ವಿವರಣೆ ಇನ್ನೂ ಸೂಕ್ಷ್ಮವಾದುದು. ಖಾಸಗಿ ಸ್ಥಿತಿಯಲ್ಲಿರುವ ಚಿತ್ರವನ್ನು ತೆಗೆಯಲು ಮಹಿಳೆ ಒಪ್ಪಿದ್ದರೂ ಅದನ್ನು ಇತರರಿಗೆ ಹಂಚಲು ಒಪ್ಪಿರದಿದ್ದರೆ, ಹಂಚುವುದು ಅಪರಾಧ. ಇನ್ನು ಹದಿನೆಂಟು ತುಂಬದವರ ಅಶ್ಲೀಲ ಚಿತ್ರವಾದರೆ ಯಾವ ಒಪ್ಪಿಗೆಯೂ ಲೆಕ್ಕಕ್ಕೆ ಬಾರದು. ಆದುದರಿಂದ ಅಂಥದೊಂದು ಕೈಗೆ ಬಂದರೆ "ಪುರಾವೆಗಾಗಿ" ಎಂದು ಕೂಡ ಗೆಳೆಯರಿಗೆ ಕಳುಹಿಸಬಾರದು; ಒಡನೆಯೇ ಹಿರಿಯರಿಗೂ ಪೊಲೀಸರಿಗೂ ತಿಳಿಸಬೇಕು.

ಚಿತ್ರದ ಬೆರಳಚ್ಚು

ಹಕ್ಕು ಇದ್ದರೆ ಸಾಲದು, ಅದನ್ನು ಸಾಬೀತುಪಡಿಸಬೇಕು. ಇಲ್ಲಿ ವಿಜ್ಞಾನ ನೆರವಿಗೆ ಬರುತ್ತದೆ. ಫೋನು ಚಿತ್ರದ ಅಂಕಿಗಳ ಜೊತೆಗೆ ತೆಗೆದ ದಿನ, ಗಳಿಗೆ, ಫೋನಿನ ಮಾದರಿ, ಕೆಲವೊಮ್ಮೆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ಬರೆದಿಡುತ್ತದೆ. ಎಷ್ಟೋ ಜಾಲತಾಣಗಳು ಇವನ್ನು ಅಳಿಸಿಬಿಡುತ್ತವೆ. ಆದಕಾರಣ ಕದ್ದವರ ಬಳಿ ಇರುವ ಪ್ರತಿಯಲ್ಲಿ ಈ ವಿವರಗಳು ಬಹುಮಟ್ಟಿಗೆ ಇರುವುದಿಲ್ಲ; ತೆಗೆದವರ ಬಳಿಯ ಮೂಲದಲ್ಲಿ ಇರುತ್ತವೆ. ಮೂಲ ಕಡತವನ್ನು ಅಳಿಸದೆ ಇಟ್ಟುಕೊಳ್ಳುವುದರ ಬೆಲೆ ಇದು.

ಇನ್ನು ಎರಡು ಬಗೆಯ ಬೆರಳಚ್ಚುಗಳುಂಟು. ಮೊದಲನೆಯದರಲ್ಲಿ ಕಡತದ ಎಲ್ಲ ಅಂಕಿಗಳನ್ನೂ ಒಂದು ಗಣಿತಕ್ರಮಕ್ಕೆ ಒಳಪಡಿಸಿ ಚಿಕ್ಕದೊಂದು ಸಂಖ್ಯೆಯನ್ನು ಪಡೆಯುತ್ತಾರೆ. ಇದಕ್ಕೆ ಹ್ಯಾಶ್ ಎಂದು ಹೆಸರು. ಮೂಲದಲ್ಲಿ ಒಂದೇ ಒಂದು ಅಂಕಿ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ವಿದ್ಯುನ್ಮಾನ ದಾಖಲೆಯನ್ನು ಪುರಾವೆಯಾಗಿ ಒಪ್ಪಿಸುವಾಗ ಅದರ ಹ್ಯಾಶನ್ನೂ ಪ್ರಮಾಣಪತ್ರದಲ್ಲಿ ನಮೂದಿಸಬೇಕೆಂದು ೨೦೨೩ರ ಭಾರತೀಯ ಸಾಕ್ಷ್ಯ ಅಧಿನಿಯಮದ ನಮೂನೆ ಕೇಳುತ್ತದೆ.

ಎರಡನೆಯದು ಸಾದೃಶ್ಯವನ್ನು ಹಿಡಿಯುವ ಬೆರಳಚ್ಚು. ಒಂದು ಚಿತ್ರವನ್ನು ಎಂಟು ಸಾಲು, ಎಂಟು ಕಂಬಗಳ ೬೪ ಮನೆಗಳಾಗಿ ಕುಗ್ಗಿಸಿ ಬಣ್ಣವನ್ನು ತೆಗೆದುಬಿಡಿ. ಚದುರಂಗದ ಹಲಗೆಯಂತೆ ಕಾಣುವ ಇದರಲ್ಲಿ ಸರಾಸರಿಗಿಂತ ಹೊಳಪಾದ ಮನೆಗೆ ಒಂದು, ಮಬ್ಬಾದ ಮನೆಗೆ ಸೊನ್ನೆ ಬರೆಯಿರಿ. ಈಗ ೬೪ ಅಂಕಿಗಳ ಒಂದು ಗುರುತು ದೊರೆಯಿತು. ಚಿತ್ರವನ್ನು ಚಿಕ್ಕದು ಮಾಡಿದರೂ ಒತ್ತಿದರೂ ಹೊಳಪು ಮಬ್ಬುಗಳ ಹಂಚಿಕೆ ಹೆಚ್ಚು ಬದಲಾಗದು. ಆದುದರಿಂದ ಎರಡು ಗುರುತುಗಳಲ್ಲಿ ನಾಲ್ಕೈದು ಅಂಕಿಗಳಷ್ಟೇ ಭಿನ್ನವಾಗಿದ್ದರೆ ಅವು ಒಂದೇ ಚಿತ್ರದ ಪ್ರತಿಗಳೆಂದು ಶಂಕಿಸಬಹುದು. ಇದು ತೀರ ಸರಳವಾದ ವಿಧಾನ. ಬಳಕೆಯಲ್ಲಿರುವುವು ಇದಕ್ಕಿಂತ ಜಟಿಲ.

ಖಾಸಗಿ ಚಿತ್ರಗಳ ದುರ್ಬಳಕೆಗೆ ತುತ್ತಾದವರಿಗಾಗಿ ೨೦೨೧ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಸ್ಟಾಪ್‌ಎನ್‌ಸಿಐಐ ಎಂಬ ಸೇವೆ ಇದೇ ತತ್ತ್ವವನ್ನು ಅವಲಂಬಿಸಿದೆ. ನೊಂದವರ ಫೋನಿನಲ್ಲೇ ಬೆರಳಚ್ಚು ತಯಾರಾಗುತ್ತದೆ. ಚಿತ್ರ ಫೋನನ್ನು ಬಿಟ್ಟು ಹೊರಡುವುದಿಲ್ಲ. ಬೆರಳಚ್ಚು ಮಾತ್ರ ಹೋಗಿ, ಜೊತೆಗೂಡಿದ ಜಾಲತಾಣಗಳು ಹೊಂದುವ ಪ್ರತಿಗಳನ್ನು ತಡೆಯುತ್ತವೆ. ಹದಿನೆಂಟು ತುಂಬದವರ ಚಿತ್ರಗಳಿಗಾಗಿ ಅಮೆರಿಕದ ಸಂಸ್ಥೆಯೊಂದು ನಡೆಸುವ ಟೇಕ್ ಇಟ್ ಡೌನ್ ಎಂಬ ಸೇವೆಯುಂಟು.

ಗೆಳತಿಯ ಪತ್ರ

ನಮ್ಮ ವಿದ್ಯಾರ್ಥಿನಿಯ ವಿಷಯಕ್ಕೆ ಮರಳೋಣ. ಮುಖ ಅವಳದಾದರೂ ಕೃತಿಸ್ವಾಮ್ಯ ಗೆಳತಿಯದೆಂದು ತಿಳಿದಾಗ ಇಬ್ಬರೂ ಸೇರಿಯೇ ಕೆಲಸಕ್ಕೆ ತೊಡಗಿದರು. ಮೊದಲು ಜಾಹೀರಾತಿನ ಪ್ರತಿಯನ್ನು ದಿನಾಂಕ, ವಿಳಾಸ ಕಾಣುವಂತೆ ತೆಗೆದಿರಿಸಿದರು. ಗೆಳತಿ ಮೂಲ ಕಡತವನ್ನು ಮುಂದಿಟ್ಟುಕೊಂಡು ಕರ್ತೃವಾಗಿ ಜಾಲತಾಣಕ್ಕೆ ದೂರು ಬರೆದಳು. ಹುಡುಗಿ ತನ್ನ ರೂಪವನ್ನು ಒಪ್ಪಿಗೆಯಿಲ್ಲದೆ ಬಳಸಿದುದನ್ನೂ ಸುಳ್ಳು ಹೇಳಿದುದನ್ನೂ ಎತ್ತಿ ತೋರಿಸಿ ಸಂಸ್ಥೆಗೆ ಪತ್ರ ಬರೆದಳು. ವಕೀಲರು ಎರಡನ್ನೂ ತಿದ್ದಿಕೊಟ್ಟರು. ಎರಡನೆಯ ದಿನ ಜಾಹೀರಾತು ಮಾಯವಾಯಿತು. ಇನ್ನೊಂದು ಪುಟದಲ್ಲಿ ಅದರ ಪ್ರತಿ ಉಳಿದಿತ್ತು. ಅದನ್ನು ತೆಗೆಸಲು ಮತ್ತೆ ಹತ್ತು ದಿನ ಹಿಡಿಯಿತು. ಸಂಸ್ಥೆ ಕ್ಷಮೆ ಕೇಳಲಿಲ್ಲ. ಆದರೆ ಪತ್ರಗಳನ್ನು ಓದಿದ ತಂದೆ ಮಗಳನ್ನು ಮತ್ತೆ ಪ್ರಶ್ನಿಸಲಿಲ್ಲ.

ಇಂಥ ಕಷ್ಟ ಬಂದಾಗ ಹೆದರಿ ಎಲ್ಲವನ್ನೂ ಅಳಿಸಿಬಿಡುವುದು ಸಹಜ. ಹಾಗೆ ಮಾಡಬೇಡಿ. ಮೊದಲು ಪುರಾವೆಯನ್ನು ಕಾಯ್ದಿಡಿ. ಚಿತ್ರ ತೆಗೆದವರು ಯಾರು, ಚಿತ್ರದಲ್ಲಿರುವವರು ಯಾರು ಎಂದು ಬೇರ್ಪಡಿಸಿ ನೋಡಿ. ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅಪರಾಧವೆನಿಸಿದರೆ ಹತ್ತಿರದ ಠಾಣೆಯಲ್ಲಾಗಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸೈಬರ್ ಅಪರಾಧ ದೂರು ತಾಣದಲ್ಲಾಗಲಿ ದೂರು ಕೊಡಿ. ಮನೆಯಲ್ಲಿ ಹೇಳಲು ಅಳುಕಾದರೆ ನಂಬಿಕೆಯ ಉಪಾಧ್ಯಾಯರಿಗಾದರೂ ಹೇಳಿ.

ಈ ವರ್ಷದ ಪ್ರದರ್ಶನದಲ್ಲಿ ಆ ಹುಡುಗಿ ಮತ್ತೆ ರೋಹಿತಮಾಪಕದ ಬಳಿ ನಿಂತಿದ್ದಳು. ಗೆಳತಿ ಫೋನು ಎತ್ತಿ, "ತೆಗೆಯಲೇ?" ಎಂದು ಕೇಳಿದಳು. "ತೆಗಿ, ಎಲ್ಲಿಗಾದರೂ ಹಾಕುವ ಮುಂಚೆ ಮಾತ್ರ ಇನ್ನೊಮ್ಮೆ ಕೇಳು" ಎಂದು ಉತ್ತರ ಬಂತು.